ದಾವಣಗೆರೆಯಿಂದ ದುಬೈಗೆ: ಬಂದ ಸಂಬಳ ಕೈಯಲ್ಲಿ ಉಳಿಯಬೇಕಾದರೆ

ದುಬೈಯಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಈ ಒಂದು ಮಾತು ಕೇಳಿಯೇ ನಮ್ಮ ಕಡೆಯ ಎಷ್ಟೋ ಹುಡುಗರು ಹೊರಟು ನಿಲ್ಲುತ್ತಾರೆ. ಆದರೆ ಸಂಬಳ ಪೂರ್ತಿ ಕೈಗೆ ಬರುವುದೇ ಬೇರೆ, ಬಂದದ್ದು ಉಳಿಯುವುದೇ ಬೇರೆ. ನಾನು ಅಲ್ಲಿ ದುಡಿದು ಈಗ ದಾವಣಗೆರೆಗೆ ವಾಪಸ್ ಬಂದಿದ್ದೇನೆ. ಹೊರಡುವವರು ಬಂದು ಕೇಳುವುದು ಹೆಚ್ಚಾಗಿ ಒಂದೇ: ಊಟಕ್ಕೆ ಎಷ್ಟಾಗುತ್ತೆ, ಟೀ ಎಷ್ಟು, ರೀಚಾರ್ಜ್ ಎಷ್ಟು? ಇವೆಲ್ಲ ಸಣ್ಣ ಖರ್ಚು. ದೊಡ್ಡ ದುಡ್ಡು ಉಳಿಯುವುದೂ ಹೋಗುವುದೂ ಮೂರು ನಾಲ್ಕು ತೀರ್ಮಾನಗಳಲ್ಲಿ. ಅದರಲ್ಲಿ ಅರ್ಧ ತೀರ್ಮಾನ ವಿಮಾನ ಹತ್ತುವ ಮೊದಲು ಇಲ್ಲೇ, ಊರಲ್ಲೇ ಆಗಿ ಹೋಗಿರುತ್ತದೆ. ಅದಕ್ಕೇ ಈ ಬರಹ ದಾವಣಗೆರೆಯಿಂದಲೇ ಶುರು.

ಹೆಜ್ಜೆ 1: ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟಿದೆ ನೋಡಿ

ಒಟ್ಟು ಸಂಬಳ ನೋಡಿ ಖುಷಿಪಟ್ಟು ಸಹಿ ಹಾಕುವವರೇ ಜಾಸ್ತಿ. ನೋಡಬೇಕಾದದ್ದು ಬೇಸಿಕ್, ಅಂದರೆ ಅಲೋವೆನ್ಸ್ ಸೇರಿಸದ ಮೂಲ ಸಂಬಳ. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಅಲೋವೆನ್ಸ್ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಇಬ್ಬರಿಗೂ ತಿಂಗಳಿಗೆ 4,500 ದಿರ್ಹಮ್ ಎಂದು ಇಟ್ಟುಕೊಳ್ಳಿ. ಒಬ್ಬನ ಬೇಸಿಕ್ 1,800, ಇನ್ನೊಬ್ಬನದು 2,700. ಮೊದಲನೆಯವನ ಒಂದು ದಿನದ ಬೇಸಿಕ್ 60 ದಿರ್ಹಮ್, 21 ದಿನಕ್ಕೆ 1,260. ಎರಡನೆಯವನದು ದಿನಕ್ಕೆ 90, 21 ದಿನಕ್ಕೆ 1,890. ಐದು ವರ್ಷಕ್ಕೆ ಒಬ್ಬನಿಗೆ 6,300, ಇನ್ನೊಬ್ಬನಿಗೆ 9,450. ಸಂಬಳ ಒಂದೇ, ಕೆಲಸ ಒಂದೇ, ಕೊನೆಗೆ 3,150 ದಿರ್ಹಮ್ ವ್ಯತ್ಯಾಸ. ಟೀ ಬಿಟ್ಟು ಇಷ್ಟು ಉಳಿಸಲು ಎಷ್ಟು ವರ್ಷ ಬೇಕು ನೀವೇ ಯೋಚಿಸಿ. ಸಹಿ ಹಾಕುವ ಮುಂಚೆ ಎಚ್‌ಆರ್ ಹತ್ತಿರ ಬಾಯಿಬಿಟ್ಟು ಕೇಳಿ. ಕೊಟ್ಟರೆ ಲಾಭ, ಕೊಡದಿದ್ದರೆ ನಷ್ಟವೇನೂ ಇಲ್ಲ.

ಇನ್ನೊಂದು ಗಟ್ಟಿ ಮಾತು. ವೀಸಾ ಖರ್ಚು, ನೇಮಕಾತಿ ಖರ್ಚು ಕಂಪನಿಯದೇ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನು ಇದನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ಏಜೆಂಟ್ ಮೂಲಕ ಹೋಗುವುದಾದರೆ ಆತ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಅಂಥವರು ಕೂಡ ಸರ್ವೀಸ್ ಚಾರ್ಜ್ ಎಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಹೊಲ ಅಡವಿಟ್ಟು ಏಜೆಂಟಿಗೆ ಕೊಟ್ಟು ಹೋದವರ ಮೊದಲ ವರ್ಷದ ದುಡಿಮೆಯೆಲ್ಲ ಬಡ್ಡಿಗೆ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲೇ ಕೆಲಸ ಶುರು ಮಾಡು, ಆಮೇಲೆ ನೋಡೋಣ’ ಎನ್ನುವವರನ್ನೂ ನಂಬಬೇಡಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಪರಾಧ. ಅವಧಿ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಹತ್ತನೇ ತರಗತಿ ಪಾಸಾಗದೆ ಇಸಿಆರ್ (ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟ್ ಇರುವವರು ಇ-ಮೈಗ್ರೇಟ್ ಅನುಮತಿ ಪಡೆದೇ ಹೋಗಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇದೆ: ಎರಡು ವರ್ಷಕ್ಕೆ 275 ರೂಪಾಯಿ, 10 ಲಕ್ಷದ ವಿಮೆ.

ಹೆಜ್ಜೆ 2: ಊರಲ್ಲೇ ಮುಗಿಸಬೇಕಾದ ಕೆಲಸಗಳು

ಮೊದಲು ಹಲ್ಲು. ತಮಾಷೆಗೆ ಹೇಳುತ್ತಿಲ್ಲ. ದುಬೈಯಲ್ಲಿ ಕಂಪನಿ ಆರೋಗ್ಯ ವಿಮೆ ಕೊಡಲೇಬೇಕು, ಆದರೆ ಸಾಮಾನ್ಯ ವಿಮೆಯಲ್ಲಿ ಹಲ್ಲಿನ ಮಾಮೂಲಿ ಚಿಕಿತ್ಸೆ ಬರುವುದಿಲ್ಲ. ಅಲ್ಲಿ ಒಂದು ರೂಟ್ ಕೆನಾಲ್ ಮಾಡಿಸಿದರೆ ತಿಂಗಳ ಉಳಿತಾಯವೇ ಹೋಗಬಹುದು. ನಮ್ಮ ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಒಂದೇ ಊರಲ್ಲಿ ಎರಡು ಡೆಂಟಲ್ ಕಾಲೇಜು ಎಷ್ಟು ಊರಿಗೆ ಸಿಕ್ಕಿದೆ ಹೇಳಿ? ಕಾಲೇಜು ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಹೊರಡಲು ಎರಡು ತಿಂಗಳಿರುವಾಗಲೇ ಹೋಗಿ ತೋರಿಸಿ. ಹುಳುಕು ತುಂಬಿಸಿ, ಕ್ಲೀನ್ ಮಾಡಿಸಿ. ಕನ್ನಡಕ ಹಾಕುವವರು ಎರಡು ಜೊತೆ ಮಾಡಿಸಿಕೊಳ್ಳಿ, ಡಾಕ್ಟರ್ ಬರೆದ ನಂಬರ್ ಚೀಟಿಯ ಫೋಟೊ ಮೊಬೈಲಿನಲ್ಲಿ ಇರಲಿ.

ಎರಡನೆಯದು ಸರ್ಟಿಫಿಕೇಟ್. ಡಿಗ್ರಿ ಬೇಡುವ ಹುದ್ದೆಗಳಿಗೆ ದೃಢೀಕರಣ ಆಗಿರಬೇಕು: ಮೊದಲು ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿಯ ವಿದೇಶಾಂಗ ಇಲಾಖೆ. ಇದಕ್ಕೆ ಮಾರ್ಕ್ಸ್ ಕಾರ್ಡ್ ಸಾಲುವುದಿಲ್ಲ, ಘಟಿಕೋತ್ಸವದ ಮೂಲ ಪದವಿ ಪತ್ರ ಬೇಕು. ಅದನ್ನು ತೆಗೆದುಕೊಳ್ಳದೆ ಬಿಟ್ಟವರು ನಮ್ಮಲ್ಲಿ ಬಹಳ ಜನ. ದಾವಣಗೆರೆ ವಿಶ್ವವಿದ್ಯಾಲಯ ಆದದ್ದು 2009ರಲ್ಲಿ. ಅದಕ್ಕೂ ಮುಂಚೆ ಓದಿದವರು ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಅಂದರೆ ಶಂಕರಘಟ್ಟ. ಊರಲ್ಲಿ ಇರುವಾಗ ಒಂದು ದಿನದ ಕೆಲಸ. ದುಬೈಯಲ್ಲಿ ಕೂತು ಕೊರಿಯರ್, ಏಜೆಂಟ್, ಅರ್ಜೆಂಟ್ ಫೀಸು ಎಂದು ಮಾಡಿಸಿದರೆ ಖರ್ಚು ಎರಡು ಮೂರು ಪಟ್ಟು.

ಮೂರನೆಯದು ಬ್ಯಾಂಕ್. ವಿದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಮಾಮೂಲಿ ಸೇವಿಂಗ್ಸ್ ಖಾತೆ ಹಾಗೇ ಇಟ್ಟುಕೊಳ್ಳುವಂತಿಲ್ಲ, ಅದನ್ನು ಅನಿವಾಸಿಗಳ ಊರಿನ ಆದಾಯಕ್ಕೆಂದು ಇರುವ ಎನ್‌ಆರ್‌ಒ ಮಾಡಿಸಬೇಕು. ಜೊತೆಗೆ ವಿದೇಶದ ದುಡಿಮೆ ಹಾಕಲು ಇರುವ ಒಂದು ಎನ್‌ಆರ್‌ಇ ಖಾತೆ ತೆಗೆಯಿರಿ. ದುಬೈಯಿಂದ ಕಳಿಸುವ ದುಡ್ಡು ಎನ್‌ಆರ್‌ಇ ಖಾತೆಗೇ ಹೋಗಲಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಅದೇ ದುಡ್ಡು ಎನ್‌ಆರ್‌ಒ ಖಾತೆಯಲ್ಲಿ ಡೆಪಾಸಿಟ್ ಆದರೆ ಬಡ್ಡಿಯಲ್ಲಿ 30 ಪರ್ಸೆಂಟಿಗೂ ಮೇಲೆ ಟಿಡಿಎಸ್ ಹಿಡಿಯುತ್ತಾರೆ. ಊರಿನ ಮನೆ ಬಾಡಿಗೆಯಂಥ ಇಲ್ಲಿಯ ಆದಾಯಕ್ಕೆ ಮಾತ್ರ ಎನ್‌ಆರ್‌ಒ.

ಹೊರಡುವ ತಾರೀಖಿಗೂ ತೆರಿಗೆಗೂ ಸಂಬಂಧವಿದೆ. ಕೆಲಸಕ್ಕೆಂದು ಹೊರಡುವವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷವೇ ಅನಿವಾಸಿ ಎನಿಸಿಕೊಳ್ಳುತ್ತಾರೆ. ಏಪ್ರಿಲಿನಿಂದ ಎಣಿಸಿದರೆ ಅದು ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಟ್ಟುತ್ತದೆ. ಆಫರ್ ಕೈಯಲ್ಲಿದ್ದು, ‘ದಸರಾ ಮುಗಿಸಿಕೊಂಡು ಹೋದರಾಯ್ತು’ ಎನ್ನುವವರು ಒಮ್ಮೆ ಈ ಲೆಕ್ಕ ಹಾಕಿ, ಆಡಿಟರ್ ಒಬ್ಬರನ್ನು ಕೇಳಿಕೊಂಡು ಟಿಕೆಟ್ ಮಾಡಿಸಿ.

ಇನ್ನು ಸಿಮ್. ಬ್ಯಾಂಕಿನ ಒಟಿಪಿ ಬರುವುದು ಊರಿನ ನಂಬರಿಗೆ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ. 90 ದಿನ ಬಳಸದೆ, ಖಾತೆಯಲ್ಲಿ ದುಡ್ಡೂ ಇಲ್ಲದಿದ್ದರೆ ನಂಬರ್ ಹೋಗಿಬಿಡುತ್ತದೆ. ಸಣ್ಣ ರೀಚಾರ್ಜ್ ಮಾಡಿಸುವ ಜವಾಬ್ದಾರಿ ತಮ್ಮನಿಗೋ ತಂಗಿಗೋ ವಹಿಸಿ.

ಹೆಜ್ಜೆ 3: ಬ್ಯಾಗಿಗೆ ಏನು ಹಾಕಬೇಕು, ಏನು ಹಾಕಲೇಬಾರದು

ನಮ್ಮ ಮನೆಗಳಲ್ಲಿ ಮಕ್ಕಳು ದೂರ ಹೊರಟರೆ ಅಮ್ಮಂದಿರು ಎರಡು ವಾರ ಮುಂಚೆಯೇ ಒಲೆ ಮುಂದೆ ಕೂರುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೆಂತ್ಯದ ಹಿಟ್ಟು, ಹಪ್ಪಳ, ಸಂಡಿಗೆ. ಇವೆಲ್ಲ ಒಯ್ಯಿರಿ. ಮೊದಲ ಸಂಬಳ ಬರುವ ತನಕ ಹೋಟೆಲಿಗೆ ಓಡುವುದು ತಪ್ಪುತ್ತದೆ.

ಆದರೆ ಗಸಗಸೆ ಒಂದು ಕಾಳೂ ಹೋಗಬಾರದು. ಯುಎಇಯಲ್ಲಿ ಗಸಗಸೆ ಮಾದಕ ವಸ್ತುಗಳ ಜೊತೆ ನಿಷೇಧದ ಪಟ್ಟಿಯಲ್ಲಿದೆ. ಡಬ್ಬಿಯಲ್ಲಿ ಬಿಡಿಯಾಗಿ ಒಯ್ಯುವವರು ಕಡಿಮೆ. ಅಪಾಯ ಇರುವುದು ತಿಂಡಿಯಲ್ಲಿ. ಕರ್ಜಿಕಾಯಿಯ ಹೂರಣಕ್ಕೆ ಗಸಗಸೆ ಹಾಕುತ್ತಾರೆ, ಅಂಟಿನ ಉಂಡೆಗೆ ಹುರಿದು ಹಾಕುತ್ತಾರೆ, ಮಸಾಲೆ ಪುಡಿಗೂ ಬೀಳುತ್ತದೆ. ‘ಅಮ್ಮಾ, ಇದಕ್ಕೆ ಗಸಗಸೆ ಹಾಕಿದೀಯಾ?’ ಎಂದು ಒಂದೊಂದು ಡಬ್ಬಿಗೂ ಕೇಳಿ. ಪಕ್ಕದ ಮನೆಯವರು ‘ನಮ್ಮ ಹುಡುಗನಿಗೆ ಕೊಟ್ಟುಬಿಡು’ ಎಂದು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಬೇಜಾರಾದರೂ ಪರವಾಗಿಲ್ಲ.

ಎಲೆ ಅಡಿಕೆಯದೂ ಇದೇ ಕಥೆ. ಚನ್ನಗಿರಿ ಕಡೆಯವರಿಗೆ ಕವಳ ಎಂದರೆ ಊಟದಷ್ಟೇ ಸಹಜ. ಆದರೆ ವೀಳ್ಯದೆಲೆ, ಪಾನ್ ಸಾಮಗ್ರಿ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿವೆ. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಔಷಧಿ ಮತ್ತು ನೋವಿನ ಮಾತ್ರೆ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಒಯ್ಯುವವರು ಡಾಕ್ಟರ್ ಚೀಟಿ ಜೊತೆಗಿಟ್ಟುಕೊಳ್ಳಿ.

ಬಟ್ಟೆ ಇಲ್ಲೇ ತೆಗೆದುಕೊಳ್ಳಿ. ಕಾಟನ್ ಶರ್ಟು, ಒಳಉಡುಪು, ಬೆಡ್‌ಶೀಟ್, ಟವೆಲ್. ಕುಕ್ಕರ್ ಮತ್ತು ರೊಟ್ಟಿ ಹಂಚು ಒಯ್ಯುವುದು ನಿಮ್ಮ ತೂಕಕ್ಕೆ ಬಿಟ್ಟದ್ದು. ರೂಮಿನಲ್ಲಿ ಹಳಬರು ಬಿಟ್ಟುಹೋದ ಪಾತ್ರೆ ಸಿಕ್ಕೇ ಸಿಗುತ್ತವೆ.

ಹೆಜ್ಜೆ 4: ರೂಮು

ದುಬೈಯಲ್ಲಿ ನಿಮ್ಮ ಉಳಿತಾಯ ನಿಂತಿರುವುದು ಇದರ ಮೇಲೆ. ಕಂಪನಿಯೇ ವಸತಿ ಕೊಟ್ಟರೆ, ಅದು ಸ್ವಲ್ಪ ಇಕ್ಕಟ್ಟಾಗಿದ್ದರೂ ಮೊದಲ ಒಂದು ವರ್ಷ ಅಲ್ಲೇ ಇರಿ ಎಂದು ನಾನು ಹೇಳುತ್ತೇನೆ. ಅಲೋವೆನ್ಸ್ ಕೊಟ್ಟು ‘ನೀವೇ ನೋಡಿಕೊಳ್ಳಿ’ ಎಂದರೆ ಆಗ ಲೆಕ್ಕ ಶುರು.

ಒಂಟಿಯಾಗಿ ಹೋದವರು ಸಾಮಾನ್ಯವಾಗಿ ಹಿಡಿಯುವುದು ಬೆಡ್‌ಸ್ಪೇಸ್, ಅಂದರೆ ಒಂದು ರೂಮಿನಲ್ಲಿ ಒಂದು ಮಂಚದ ಜಾಗ. ದೇರಾ, ಬರ್ ದುಬೈ, ಕರಾಮ, ಅಲ್ ಕುಸೈಸ್, ಅಲ್ ನಹ್ದಾ ಕಡೆ ನಮ್ಮ ದೇಶದವರು ಜಾಸ್ತಿ. ಹಾಸಿಗೆ ನೋಡಲು ಹೋದಾಗ ಬಾಡಿಗೆ ಎಷ್ಟು ಎಂದಷ್ಟೇ ಕೇಳಿ ಬರಬೇಡಿ. ಕರೆಂಟು, ನೀರು, ವೈಫೈ, ಗ್ಯಾಸ್ ಸೇರಿದೆಯೇ ಕೇಳಿ. ಅಡುಗೆ ಮಾಡಲು ಬಿಡುತ್ತಾರಾ ಎಂದು ತಪ್ಪದೆ ಕೇಳಿ. ಅಡುಗೆ ಇಲ್ಲದ ಅಗ್ಗದ ರೂಮು ಕೊನೆಗೆ ದುಬಾರಿಯೇ. ಒಂದು ಬಾತ್‌ರೂಮಿಗೆ ಎಷ್ಟು ಜನ? ಬೆಳಿಗ್ಗೆ ಆರರಿಂದ ಏಳರ ಒಳಗೆ ಎಷ್ಟು ಜನ ಹೊರಡುತ್ತಾರೆ? ಸಾಧ್ಯವಾದರೆ ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ ಹೋಗಿ ನೋಡಿ. ಅಡ್ವಾನ್ಸ್ ಕೊಟ್ಟರೆ ರಸೀದಿ ತೆಗೆದುಕೊಳ್ಳಿ.

ಫ್ಲಾಟಿನ ಹಾಲ್‌ಗೆ ಪ್ಲೈವುಡ್ ಹೊಡೆದು ಮಾಡಿದ ಪಾರ್ಟಿಷನ್ ರೂಮು ಬೇಡ. ಅನುಮತಿ ಇಲ್ಲದೆ ಹಾಗೆ ಗೋಡೆ ಎಬ್ಬಿಸುವುದು ಅಲ್ಲಿ ಕಾನೂನಿಗೆ ವಿರುದ್ಧ, ತಪಾಸಣೆ ಬಂದರೆ ರಾತ್ರೋರಾತ್ರಿ ಜಾಗ ಖಾಲಿ ಮಾಡಬೇಕಾಗುತ್ತದೆ. ಬೆಂಕಿ ಬಿದ್ದರೆ ಹೊರಗೆ ಓಡಲು ದಾರಿಯೇ ಇರುವುದಿಲ್ಲ. ಇಲ್ಲಿ ಉಳಿಯುವ ನೂರಿನ್ನೂರು ದಿರ್ಹಮ್ ಜೀವಕ್ಕಿಂತ ದೊಡ್ಡದಲ್ಲ.

ಸಂಸಾರ ಕರೆದುಕೊಂಡು ಹೋಗುವವರಿಗೆ, ಅಥವಾ ನಾಲ್ಕು ಜನ ಸೇರಿ ಫ್ಲಾಟ್ ಹಿಡಿಯುವವರಿಗೆ ಬಾಡಿಗೆಯ ಜೊತೆ ಬೇರೆ ಖರ್ಚುಗಳೂ ಇವೆ. ಏಜೆಂಟ್ ಕಮಿಷನ್ ಸಾಮಾನ್ಯವಾಗಿ ವರ್ಷದ ಬಾಡಿಗೆಯ 5 ಪರ್ಸೆಂಟ್. ಮಾಲೀಕನಿಗೆ ಡೆಪಾಸಿಟ್ ಇನ್ನೊಂದು 5 ಪರ್ಸೆಂಟ್, ಫರ್ನಿಚರ್ ಇದ್ದರೆ 10. ಕರೆಂಟು ನೀರಿನ ಇಲಾಖೆಯಾದ ದೇವಾಕ್ಕೆ ಫ್ಲಾಟಿಗೆ 2,000 ದಿರ್ಹಮ್ ಡೆಪಾಸಿಟ್, ಇದು ಖಾಲಿ ಮಾಡುವಾಗ ವಾಪಸ್ ಬರುತ್ತದೆ. ಬಾಡಿಗೆ ಕರಾರನ್ನು ಇಜಾರಿ ಎಂಬ ಸರ್ಕಾರಿ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಬಾಡಿಗೆಯನ್ನು ತಿಂಗಳಿಗೊಮ್ಮೆ ಕೊಡುವ ಪದ್ಧತಿ ಕಡಿಮೆ. ವರ್ಷಕ್ಕೆ ಒಂದು, ಎರಡು, ನಾಲ್ಕು ಚೆಕ್ ಎಂದು ಮಾತಾಗುತ್ತದೆ. ಚೆಕ್ ಕಡಿಮೆ ಆದಷ್ಟೂ ಬಾಡಿಗೆ ಇಳಿಸಿ ಕೇಳಬಹುದು.

ದೇವಾ ಬಿಲ್ಲು ಮೊದಲ ಸಲ ಬಂದಾಗ ಹೊಸಬರು ಗಾಬರಿಯಾಗುತ್ತಾರೆ. ಅದರಲ್ಲಿ ಕರೆಂಟು, ನೀರು, ಒಳಚರಂಡಿ ಅಷ್ಟೇ ಇರುವುದಿಲ್ಲ. ‘ಹೌಸಿಂಗ್ ಫೀ’ ಎಂಬ ಸಾಲೂ ಇರುತ್ತದೆ. ಅದು ವರ್ಷದ ಬಾಡಿಗೆಯ 5 ಪರ್ಸೆಂಟ್, ಹನ್ನೆರಡು ಕಂತಿನಲ್ಲಿ ಬರುತ್ತದೆ. ವರ್ಷಕ್ಕೆ 48,000 ಬಾಡಿಗೆಯಾದರೆ ತಿಂಗಳಿಗೆ 200 ದಿರ್ಹಮ್. ಲೈಟು ಆರಿಸಿದರೂ ಇದು ಇಳಿಯುವುದಿಲ್ಲ. ಮನೆ ನೋಡುವಾಗಲೇ ಬಾಡಿಗೆಯ ಜೊತೆ ಸೇರಿಸಿಕೊಂಡು ಯೋಚಿಸಿ.

ಇಳಿಸಬಹುದಾದ್ದು ಎಸಿ ಖರ್ಚು. ಜಾಹೀರಾತಿನಲ್ಲಿ ‘ಚಿಲ್ಲರ್ ಫ್ರೀ’ ಎಂದಿದ್ದರೆ ತಂಪಿನ ಖರ್ಚು ಮಾಲೀಕನದು. ಹಾಗಿಲ್ಲದ ಕಟ್ಟಡಗಳಲ್ಲಿ ಅದಕ್ಕೆ ಬೇರೆ ಕಂಪನಿಯ ಬೇರೆ ಬಿಲ್ಲು ಬರಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಎಸಿ ಇಲ್ಲದೆ ಮಲಗಲು ಆಗುವುದೇ ಇಲ್ಲ. ಚಿತ್ರದುರ್ಗದ ಏಪ್ರಿಲ್ ಬಿಸಿಲು ಕಂಡವರಿಗೂ ಅದು ಹೊಸದು. ಹಾಗಾಗಿ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಚಿಲ್ಲರ್ ಫ್ರೀ ಮನೆಯೇ ಸಾಮಾನ್ಯವಾಗಿ ಲಾಭ. ಎಸಿ 24ಕ್ಕೆ ಇಡಿ, ಹೊರಗೆ ಹೋಗುವಾಗ ಪರದೆ ಎಳೆದು ಹೋಗಿ, ಫಿಲ್ಟರ್ ತೊಳೆಯುತ್ತಿರಿ.

ವರ್ಷ ಮುಗಿಯುವಾಗ ಮಾಲೀಕ ‘ಇಷ್ಟು ಏರಿಸುತ್ತೇನೆ’ ಎಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಏರಿಸಲು 90 ದಿನ ಮುಂಚೆ ತಿಳಿಸಿರಬೇಕು. ಎಷ್ಟು ಏರಿಸಬಹುದು ಎಂಬುದಕ್ಕೂ 2013ರ ಆದೇಶವಿದೆ. ನಿಮ್ಮ ಬಾಡಿಗೆ ಆ ಪ್ರದೇಶದ ಸರಾಸರಿಗಿಂತ 10 ಪರ್ಸೆಂಟಿನ ಒಳಗೆ ಕಡಿಮೆ ಇದ್ದರೆ ಒಂದು ದಿರ್ಹಮ್ ಕೂಡ ಏರಿಸುವಂತಿಲ್ಲ. ಅಂತರ ಹೆಚ್ಚಿದಂತೆ 5, 10, 15, ಕೊನೆಗೆ 20 ಪರ್ಸೆಂಟ್. ಅದಕ್ಕಿಂತ ಮೇಲೆ ಇಲ್ಲ. ದುಬೈ ಭೂ ಇಲಾಖೆಯ ಜಾಲತಾಣದಲ್ಲಿ ಲೆಕ್ಕ ಹಾಕಿ, ಆ ಪುಟವನ್ನೇ ಮಾಲೀಕನಿಗೆ ಕಳಿಸಿ. ಮಾತು ಅಲ್ಲಿಗೇ ಮುಗಿಯುವುದುಂಟು.

ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಅದು ನಿಜ. ಆದರೆ ಕೆಲಸ ದುಬೈಯ ಆ ತುದಿಯಲ್ಲಿದ್ದರೆ ಬೆಳಿಗ್ಗೆ ಸಂಜೆ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಹೋಗುತ್ತದೆ. ಬಳಲಿ ಬಂದವನು ಅಡುಗೆ ಮಾಡುವುದಿಲ್ಲ, ಪಾರ್ಸೆಲ್ ತರುತ್ತಾನೆ. ಬಾಡಿಗೆಯಲ್ಲಿ ಉಳಿದದ್ದು ಅಲ್ಲಿ ಹೋಗುತ್ತದೆ. ಆಫೀಸು ದೇರಾ ಅಥವಾ ಕುಸೈಸ್ ಕಡೆ ಇದ್ದರೆ ಮಾತ್ರ ಶಾರ್ಜಾ ಯೋಚಿಸಿ.

ಹೆಜ್ಜೆ 5: ಓಡಾಟ

25 ದಿರ್ಹಮ್ ಕೊಟ್ಟು ಸಿಲ್ವರ್ ನೋಲ್ ಕಾರ್ಡ್ ತೆಗೆದುಕೊಳ್ಳಿ, ಅದರಲ್ಲಿ 19 ದಿರ್ಹಮ್ ಪ್ರಯಾಣಕ್ಕೇ ಇರುತ್ತದೆ. ಮೆಟ್ರೊ, ಬಸ್ಸು, ಟ್ರಾಮ್ ಎಲ್ಲಕ್ಕೂ ಒಂದೇ ಕಾರ್ಡು. ಒಂದೇ ಝೋನ್ ಒಳಗೆ 3 ದಿರ್ಹಮ್, ಪಕ್ಕದ ಝೋನ್‌ಗೆ 5, ಅದಕ್ಕೂ ಆಚೆ 7.50. ಮೆಟ್ರೊ ಇಳಿದು 30 ನಿಮಿಷದ ಒಳಗೆ ಬಸ್ಸು ಹತ್ತಿದರೆ ಅದು ಅದೇ ಪ್ರಯಾಣದ ಲೆಕ್ಕಕ್ಕೆ ಬರುತ್ತದೆ. ನಡುವೆ ಟೀ ಕುಡಿಯುತ್ತಾ ನಿಂತರೆ ಹೊಸ ಟಿಕೆಟ್. ಗೋಲ್ಡ್ ಕ್ಲಾಸ್ ಡಬ್ಬಿಗೆ ದುಡ್ಡು ಎರಡು ಪಟ್ಟು.

ತಿಂಗಳ ಪಾಸ್ ಒಂದು ಝೋನ್‌ಗೆ 140, ಎರಡಕ್ಕೆ 230, ಎಲ್ಲಕ್ಕೂ 350. ಎಲ್ಲರೂ ಪಾಸ್ ಲಾಭ ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದು ದಿನ ಕೆಲಸ, ತಿಂಗಳಿಗೆ 22 ದಿನ, ಎರಡು ಝೋನ್ ಪ್ರಯಾಣ: ದಿನಕ್ಕೆ 10, ಒಟ್ಟು 220. ಪಾಸಿಗೆ 230. ಅಂದರೆ ಆಫೀಸಿಗೆ ಹೋಗಿ ಬರುವುದಷ್ಟೇ ಆದರೆ ಪಾಸ್ ನಷ್ಟ. ವಾರಕ್ಕೆ ಆರು ದಿನ ದುಡಿಯುವವರಿಗೆ 26 ದಿನಕ್ಕೆ 260 ಆಗುತ್ತದೆ, ಅವರಿಗೆ ಪಾಸ್ ಲಾಭ. ಉಳಿದ ಎರಡು ಪಾಸುಗಳದ್ದೂ ಇದೇ ಲೆಕ್ಕವೇ.

ಮೆಟ್ರೊದಲ್ಲಿ ತಿನ್ನುವುದು, ಕುಡಿಯುವುದು ಕಂಡರೆ 100 ದಿರ್ಹಮ್ ದಂಡ. ಚೂಯಿಂಗ್ ಗಮ್ ಕೂಡ ಬೇಡ.

ಕಾರು ಮೊದಲ ಎರಡು ವರ್ಷ ಬೇಡ. ನಮ್ಮ ಭಾರತದ ಲೈಸೆನ್ಸ್ ಅಲ್ಲಿ ನೇರವಾಗಿ ಬದಲಾಗುವುದಿಲ್ಲ, ಟೆಸ್ಟ್ ಪಾಸಾಗಬೇಕು. ಕ್ಲಾಸಿನ ಫೀಸು ಸಾವಿರಗಟ್ಟಲೆ ದಿರ್ಹಮ್. ಆಮೇಲೆ ಇನ್ಶೂರೆನ್ಸ್, ಪಾರ್ಕಿಂಗ್, ಸಾಲಿಕ್ ಟೋಲ್. 2025ರ ಜನವರಿ ಕೊನೆಯಿಂದ ಜನದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟಿಗೆ 6 ದಿರ್ಹಮ್, ಉಳಿದ ಹೊತ್ತು 4, ರಾತ್ರಿ ಒಂದರಿಂದ ಬೆಳಿಗ್ಗೆ ಆರರ ತನಕ ಮಾತ್ರ ಉಚಿತ.

ಹೆಜ್ಜೆ 6: ಊಟ

ಹೊಟ್ಟೆ ಕಟ್ಟಿ ಉಳಿಸಬೇಡಿ. ಮೊದಲ ತಿಂಗಳು ಪ್ರತಿಯೊಂದನ್ನೂ ರೂಪಾಯಿಗೆ ಬದಲಿಸಿ ನೋಡಿ, ‘ಅಯ್ಯೋ ಒಂದು ಸೇಬಿಗೆ ಇಷ್ಟಾ’ ಎಂದು ಹಣ್ಣು ತರಕಾರಿ ಬಿಟ್ಟವರು ನನಗೆ ಗೊತ್ತು. ಬರೀ ಕುಬ್ಬೂಸ್ (ಅರಬ್ಬಿ ರೊಟ್ಟಿ), ಟೀ, ಬಿಸ್ಕತ್ತಿನಲ್ಲಿ ದಿನ ಕಳೆದರೆ ಆ ಬಿಸಿಲಿಗೆ ದೇಹ ತಡೆಯುವುದಿಲ್ಲ. ದಿರ್ಹಮ್‌ನಲ್ಲಿ ದುಡಿಯುತ್ತೀರಿ, ತರಕಾರಿಯ ಲೆಕ್ಕವನ್ನೂ ದಿರ್ಹಮ್‌ನಲ್ಲೇ ಇಡಿ. ಬಂಗಾರ, ಫೋನು, ಶೂ ಕೊಳ್ಳುವಾಗ ರೂಪಾಯಿಗೆ ಬದಲಿಸಿ ನೋಡಿ.

ರೂಮಿನವರು ಸೇರಿ ಅಡುಗೆ ಮಾಡುವುದೇ ಎಲ್ಲಕ್ಕಿಂತ ಅಗ್ಗ. ಮೂರು ನಾಲ್ಕು ಜನ, ಒಂದು ಪುಸ್ತಕ, ತಿಂಗಳ ಕೊನೆಗೆ ಲೆಕ್ಕ. ಅಕ್ಕಿ, ಬೇಳೆ, ಎಣ್ಣೆ ತಿಂಗಳಿಗೊಮ್ಮೆ ದೊಡ್ಡ ಅಂಗಡಿಯಲ್ಲಿ ಆಫರ್ ನೋಡಿ ತನ್ನಿ. ಲುಲು, ಕ್ಯಾರ್‌ಫೋರ್, ವಿವಾ, ಯೂನಿಯನ್ ಕೋಪ್ ಹೀಗೆ ಎಲ್ಲರದೂ ವಾರದ ಆಫರ್ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಬೆಲೆಯ ಜೊತೆ ಯಾವ ದೇಶದ ಮಾಲು ಎಂಬುದನ್ನೂ ಓದಿ. ಹತ್ತಿರದ ದೇಶಗಳಿಂದ ಬಂದ ಟೊಮೆಟೊ, ಸೌತೆ, ಈರುಳ್ಳಿ ಯುರೋಪಿನಿಂದ ವಿಮಾನದಲ್ಲಿ ಬಂದದ್ದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ನಾಲ್ಕೈದು ಜನ ಸೇರಿ ಪೆಟ್ಟಿಗೆ ಲೆಕ್ಕದಲ್ಲಿ ತರುವುದಾದರೆ ಅಲ್ ಅವೀರ್ ತರಕಾರಿ ಮಾರುಕಟ್ಟೆಗೆ ಹೋಗಿ. ಮೀನು ಮಾಂಸ ತಿನ್ನುವವರಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಇದೆ.

ಜೋಳದ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಪ್ಯಾಕೆಟ್ಟಿನಲ್ಲಿ ಹಳತಾದ ಹಿಟ್ಟು, ನಮ್ಮ ಗಿರಣಿಯ ಬಿಸಿ ಹಿಟ್ಟಿನ ಹಾಗೆ ಜಿಗಿ ಇರುವುದಿಲ್ಲ. ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗ ಅಂಚು ಬಿರಿಯುತ್ತದೆ. ನೀರು ಕುದಿಸಿ, ಎಸರಿಗೇ ಹಿಟ್ಟು ಹಾಕಿ, ಮುಚ್ಚಿಟ್ಟು, ಕೈಗೆ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಶನಿವಾರ ಒಮ್ಮೆ ಕೂತು ವಾರಕ್ಕಾಗುವಷ್ಟು ತಟ್ಟಿ, ಖಡಕ್ ಮಾಡಿ ಒಣಗಿಸಿಟ್ಟರೆ ಸಂಜೆ ಬಂದು ಪಲ್ಯ ಒಂದು ಮಾಡಿದರೆ ಸಾಕು. ಮಂಡಕ್ಕಿಯೂ ಅಲ್ಲಿ ಸಿಗುತ್ತದೆ. ರಜೆಯ ಸಂಜೆ ಒಗ್ಗರಣೆ ಹಾಕಿ, ಮಿರ್ಚಿ ಕರಿದು ಕೂತರೆ ಹೋಟೆಲ್ ನೆನಪೇ ಬರುವುದಿಲ್ಲ.

ಅಡುಗೆ ಬಾರದವರು ತಿಂಗಳ ಮೆಸ್ ಹಿಡಿಯಿರಿ. ಮಲಯಾಳಿಗಳು ನಡೆಸುವ ಮೆಸ್‌ಗಳು ಕರಾಮ, ದೇರಾದಲ್ಲಿ ಬೇಕಾದಷ್ಟಿವೆ. ಒಂದು ವಾರ ತಿಂದು ನೋಡಿ ಆಮೇಲೆ ತಿಂಗಳದ್ದು ಕಟ್ಟಿ. ಉಳಿದ ಕೆಟ್ಟ ಚಟವೆಂದರೆ ಡೆಲಿವರಿ ಆ್ಯಪ್. ಊಟದ ಬೆಲೆಯ ಮೇಲೆ ಡೆಲಿವರಿ, ಸರ್ವೀಸ್ ಎಂದು ಸೇರುತ್ತಾ ಹೋಗುತ್ತದೆ. ಅದನ್ನು ಮೊಬೈಲಿನಿಂದಲೇ ತೆಗೆಯಿರಿ.

ನೀರಿಗೆ ದುಡ್ಡು ಸುರಿಯಬೇಡಿ. 2022ರಲ್ಲಿ ಶುರುವಾದ ದುಬೈ ಕ್ಯಾನ್ ಯೋಜನೆಯಲ್ಲಿ ಪಾರ್ಕು, ಬೀಚುಗಳಲ್ಲಿ ಉಚಿತ ನೀರಿನ ಯಂತ್ರಗಳಿವೆ. ಒಂದು ಬಾಟಲಿ ಬ್ಯಾಗಿನಲ್ಲಿರಲಿ.

ಹೆಜ್ಜೆ 7: ಊರಿಗೆ ಕಳಿಸುವ ದುಡ್ಡು

ದಿರ್ಹಮ್‌ಗೂ ಡಾಲರಿಗೂ ಗಂಟು ಹಾಕಿದ್ದಾರೆ, ಒಂದು ಡಾಲರಿಗೆ 3.6725. ಹಾಗಾಗಿ ಡಾಲರಿನ ಮುಂದೆ ರೂಪಾಯಿ ಇಳಿದರೆ ನಿಮ್ಮ ದಿರ್ಹಮ್‌ಗೆ ರೂಪಾಯಿ ಜಾಸ್ತಿ. ಆದರೆ ರೇಟು ಏರಲಿ ಎಂದು ತಿಂಗಳುಗಟ್ಟಲೆ ಕಾಯಬೇಡಿ. ಅಷ್ಟರಲ್ಲಿ ಕೈಯಲ್ಲಿದ್ದದ್ದು ಖರ್ಚಾಗಿರುತ್ತದೆ.

ಸಂಬಳ ಬಂದ ದಿನ ಎರಡು ಮೂರು ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ರೇಟು ನೋಡಿ. ‘ಫೀಸ್ ಇಲ್ಲ’ ಎನ್ನುವವರು ರೇಟಿನಲ್ಲಿ ಕಡಿಮೆ ಕೊಟ್ಟಿರಬಹುದು. 3,000 ದಿರ್ಹಮ್ ಕಳಿಸುವಾಗ ರೇಟಿನಲ್ಲಿ 10 ಪೈಸೆ ಕಡಿಮೆಯಾದರೆ 300 ರೂಪಾಯಿ ಹೋಯಿತು. ಫೀಸು ಕಳೆದು ಕೊನೆಗೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ, ಅದೊಂದನ್ನೇ ಹೋಲಿಸಿ. ವಾರ ವಾರ ಸ್ವಲ್ಪ ಸ್ವಲ್ಪ ಕಳಿಸಿದರೆ ಪ್ರತಿ ಸಲ ಫೀಸು. ತಿಂಗಳಿಗೆ ಒಂದೇ ಸಲ ಕಳಿಸಿ. ಹವಾಲಾ ದಾರಿಯತ್ತ ತಿರುಗಿಯೂ ನೋಡಬೇಡಿ.

ಇನ್ನು ಕಷ್ಟದ ಮಾತು. ಮಗ ದುಬೈಯಲ್ಲಿದ್ದಾನೆ ಎಂದ ಕೂಡಲೇ ಊರಲ್ಲಿ ಲೆಕ್ಕ ಬದಲಾಗುತ್ತದೆ. ದೊಡ್ಡಪ್ಪನ ಮಗಳ ಮದುವೆಗೆ, ಮಾವನ ಬೋರ್‌ವೆಲ್‌ಗೆ, ಗೆಳೆಯನ ಬೈಕಿಗೆ ಎಲ್ಲಕ್ಕೂ ಫೋನು ನಿಮಗೇ. ಇಲ್ಲ ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ, ಅಲ್ವಾ? ಅದಕ್ಕೆ ಹೊರಡುವ ಮುಂಚೆ ಅಪ್ಪಾಜಿ, ಅಮ್ಮನನ್ನು ಕೂರಿಸಿಕೊಂಡು ಮಾತಾಡಿ. ‘ತಿಂಗಳಿಗೆ ಮನೆಗೆ ಇಷ್ಟು, ಸಾಲಕ್ಕೆ ಇಷ್ಟು. ಉಳಿದದ್ದು ಖಾತೆಯಲ್ಲೇ ಇರುತ್ತೆ, ಅದರಲ್ಲಿ ಕೇಳಬೇಡಿ’ ಎಂದು ಬಿಡಿಸಿ ಹೇಳಿ. ಸಂಬಂಧಿಕರು ಕೇಳಿದರೆ ಅಪ್ಪಾಜಿಯೇ ಉತ್ತರ ಕೊಡಲಿ. ಸಂಬಳ ಎಷ್ಟು ಎಂದು ಊರಿಗೆಲ್ಲ ಹೇಳುವ ಅಗತ್ಯವಿಲ್ಲ.

ಉಳಿದ ದುಡ್ಡಿನಲ್ಲಿ ಅಡಿಕೆ ತೋಟ ತೆಗೆದುಕೊಳ್ಳುವ ಆಸೆ ನಮ್ಮ ಕಡೆ ಬಹಳ ಜನಕ್ಕೆ ಇದೆ. ಇಲ್ಲಿ ಎಚ್ಚರ. ಅನಿವಾಸಿ ಆಗಿರುವಾಗ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಕಾನೂನಾದ ಫೆಮಾ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು, ಮೊದಲೇ ಇದ್ದದ್ದು ಇಟ್ಟುಕೊಳ್ಳಬಹುದು. ಮನೆ, ವಸತಿ ಸೈಟು ಕೊಳ್ಳಬಹುದು. ಹೊಸದಾಗಿ ಪಿಪಿಎಫ್ ತೆರೆಯುವಂತಿಲ್ಲ, ಹಳೆಯದು ಅವಧಿ ಮುಗಿಯುವ ತನಕ ನಡೆಸಬಹುದು. ರೂಮಿನಲ್ಲಿ ನಡೆಯುವ ಕಾಗದ ಪತ್ರವಿಲ್ಲದ ಚೀಟಿಗೆ ಸೇರಬೇಡಿ. ಎತ್ತಿಕೊಂಡವನು ದೇಶ ಬಿಟ್ಟರೆ ಕೇಳಲು ಜಾಗವೇ ಇರುವುದಿಲ್ಲ.

ಕ್ರೆಡಿಟ್ ಕಾರ್ಡ್ ಮಾರುವವರು ಮೆಟ್ರೊ ಬಾಗಿಲಲ್ಲೂ ಹಿಡಿಯುತ್ತಾರೆ. ತಿಂಗಳ ಕೊನೆಗೆ ಪೂರ್ತಿ ಕಟ್ಟುವ ಶಿಸ್ತು ಇಲ್ಲದಿದ್ದರೆ ತೆಗೆದುಕೊಳ್ಳಲೇಬೇಡಿ. ಸಾಲ ಬಾಕಿ ಬಿದ್ದರೆ ವಿಮಾನ ಹತ್ತದಂತೆ ತಡೆ ಬರಬಹುದು.

ಸಣ್ಣ ಪುಟ್ಟವು

ವಾಟ್ಸ್‌ಆ್ಯಪ್ ಕಾಲ್ ಅಲ್ಲಿ ಹೋಗುವುದಿಲ್ಲ, ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್‌ಗಳನ್ನು ಮನೆಯವರ ಫೋನಿಗೆ ಮೊದಲೇ ಹಾಕಿಸಿ.

ಕೆಲಸ ಹೋದಾಗ ನೆರವಾಗುವ ವಿಮೆ ಕಡ್ಡಾಯ. ಬೇಸಿಕ್ 16,000 ದಿರ್ಹಮ್ ತನಕ ಇರುವವರಿಗೆ ತಿಂಗಳಿಗೆ 5 ದಿರ್ಹಮ್ ಮತ್ತು ವ್ಯಾಟ್. ಮಾಡಿಸದಿದ್ದರೆ 400 ದಿರ್ಹಮ್ ದಂಡ.

ರಜೆಯ ದಿನ ಮಾಲ್‌ಗೆ ಹೋದರೆ ಸುಮ್ನೆ ಬರುವುದಿಲ್ಲ, ಏನಾದರೂ ಕೈಯಲ್ಲಿ ಇರುತ್ತದೆ. ಬದಲಿಗೆ ಬರ್ ದುಬೈಯಿಂದ ದೇರಾಕ್ಕೆ 1 ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ದಾಟಿ, ಸಂಜೆ ಸಾರ್ವಜನಿಕ ಬೀಚಿಗೆ ಹೋಗಿ, ಕನ್ನಡ ಸಂಘಗಳ ಕಾರ್ಯಕ್ರಮಕ್ಕೆ ಹೋಗಿ. ಒಳ್ಳೆಯ ರೂಮು, ಒಳ್ಳೆಯ ಕೆಲಸ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನ ಸುದ್ದಿ ಸಿಗುವುದೂ ಅಲ್ಲೇ. ಕೆಲಸದಲ್ಲಿ ತೊಂದರೆಯಾದರೆ ಭಾರತದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342 ಬರೆದಿಟ್ಟುಕೊಳ್ಳಿ.

ಊರಿಗೆ ಬರುವ ಟಿಕೆಟ್ ಜುಲೈ, ಆಗಸ್ಟ್ ಮತ್ತು ಡಿಸೆಂಬರಿನಲ್ಲಿ, ಶಾಲೆಗಳ ರಜೆಯಲ್ಲಿ ವಿಪರೀತ ದುಬಾರಿ. ಮಕ್ಕಳಿಲ್ಲದವರು ಬೇರೆ ತಿಂಗಳು ರಜೆ ಕೇಳಿ. ಬೆಂಗಳೂರಿಗೇ ಇಳಿಯಬೇಕು ಎಂದೇನಿಲ್ಲ, ಮಂಗಳೂರಿಗೂ ದುಬೈಯಿಂದ ನೇರ ವಿಮಾನ ಇದೆ, ಎರಡೂ ಕಡೆಯ ರೇಟು ನೋಡಿ. ಬೆಂಗಳೂರಿಗೆ ಬಂದರೆ ದಾವಣಗೆರೆಗೆ ಟ್ಯಾಕ್ಸಿ ಮಾಡಬೇಡಿ. ಧಾರವಾಡದ ವಂದೇ ಭಾರತ್ ಸೇರಿ ಹಲವು ರೈಲುಗಳು ಇಲ್ಲಿ ನಿಲ್ಲುತ್ತವೆ.

ಕೊನೆಯ ಹೆಜ್ಜೆ: ಬಿಟ್ಟು ಬರುವಾಗ

ಬರುವ ಅವಸರದಲ್ಲಿ ನ್ಯಾಯವಾಗಿ ಬರಬೇಕಾದ ದುಡ್ಡು ಬಿಟ್ಟು ಬರುವವರಿದ್ದಾರೆ. ಗ್ರಾಚ್ಯುಟಿ, ತೆಗೆದುಕೊಳ್ಳದ ರಜೆಯ ದುಡ್ಡು, ಕೊನೆಯ ಸಂಬಳ ಎಲ್ಲವೂ ಕೆಲಸ ಮುಗಿದ 14 ದಿನದ ಒಳಗೆ ಕೊಡಬೇಕು. ‘ಎಲ್ಲ ಬಂದಿದೆ’ ಎಂಬ ಪತ್ರಕ್ಕೆ ದುಡ್ಡು ಖಾತೆಗೆ ಬೀಳುವ ಮೊದಲು ಸಹಿ ಹಾಕಬೇಡಿ. ದೇವಾ ಡೆಪಾಸಿಟ್ ವಾಪಸ್ ಕೇಳಿ, ಮನೆ ಮಾಲೀಕನ ಡೆಪಾಸಿಟ್ ಕೇಳಿ. ಮನೆಗೆ ಹೋದ ದಿನವೇ ಗೋಡೆ, ಎಸಿ, ಒಲೆಯ ಫೋಟೊ ತೆಗೆದಿಟ್ಟಿದ್ದರೆ ‘ಇದು ಮುರಿದಿದೆ, ಅದು ಕೆಟ್ಟಿದೆ’ ಎಂದು ಕಡಿತ ಮಾಡಲು ಆಗುವುದಿಲ್ಲ. ಮೊಬೈಲ್ ಮತ್ತು ಇಂಟರ್ನೆಟ್ ಪ್ಲಾನ್ ರದ್ದು ಮಾಡಿಸಿ, ಕಾರ್ಡ್ ಇದ್ದರೆ ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ಸಂಬಳದ ಖಾತೆ ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ, ಬರಬೇಕಾದದ್ದೆಲ್ಲ ಬಂದ ಮೇಲೆ. ಊರಿಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಮಾಮೂಲಿ ಖಾತೆಗೆ ಬದಲಾಯಿಸಿಕೊಳ್ಳಿ.